ಏಳನೇ ನಂಬರಿನ ಅಂಗಿ

ಸ್ಕೋರು ಇಪ್ಪತ್ತೇಳಕ್ಕೆ ಇಪ್ಪತ್ತೇಳು. ಮೇಚೇರಿಯ ಪೊಂಗಲ್ ಕಬಡ್ಡಿ ಫೈನಲಿನಲ್ಲಿ ಉಳಿದಿದ್ದುದು ಒಂದೇ ರೈಡು. ಧರ್ಮಪುರಿಯ ಪರವಾಗಿ ಆ ರೈಡಿಗೆ ಹೊರಟವಳು ರಾಜಾತಿ. ಹೋದ ಪೊಂಗಲ್‌ವರೆಗೆ ಅವಳು ಕೊಳತ್ತೂರಿನ ಆಟಗಾರ್ತಿ.

"ಮುಡಿಂಜ್ ಪೋಚ್ಚು! ಎಲ್ಲಾ ಮುಗೀತು," ಎಂದು ಕೊಳತ್ತೂರು ಕ್ಲಬ್ಬಿನ ಸೆಕ್ರೆಟರಿ ಧನಶೇಖರ್ ತಲೆಯ ಮೇಲೆ ಟವೆಲ್ ಹಾಕಿಕೊಂಡ. "ಐದ್ ವರ್ಷ ಕಪ್ ತಂದೋಳ್ನ ಅವ್ರಿಗೆ ಕೊಟ್ಬುಟ್ಟು, ಅವ್ರು ಬೆಂಚಲ್ಲಿ ಕೂರ್ಸಿದ್ದ ಎರಡ್ ಉಡ್ಗೀರ್ನ ತಂದ್ಯಲ್ಲಕ್ಕಾ!"

"ಸೋತ್ರೆ ವಿಷಲ್ ನಿನ್ ಕೈಗೆ ಕೊಡ್ತೀನಿ ಅಂದಿಲ್ವಾ? ಸುಮ್ಕಿರು, ಆಟ ಪಾರು, ನೋಡು," ಎಂದಳು ಕೋಚ್ ಲಕ್ಷ್ಮಕ್ಕ. ಮಾತೇನೋ ಗಟ್ಟಿಯಾಗಿತ್ತು. ಆದರೆ ಕೊರಳಿನ ವಿಷಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಇಪ್ಪತ್ತು ವರ್ಷ ಆ ವಿಷಲ್ ಬೇರೆ ಯಾರ ಕೊರಳಿಗೂ ಹೋಗಿರಲಿಲ್ಲ.

ರಾಜಾತಿಗೆ ಧರ್ಮಪುರಿಯಲ್ಲಿ ಕೆಲಸ ಸಿಕ್ಕಿತ್ತು, ಆ ಕ್ಲಬ್ಬಿನವರು ಕೇಳಿಕೊಂಡೂ ಬಂದಿದ್ದರು. ಲಕ್ಷ್ಮಕ್ಕ ತಡೆಯಲಿಲ್ಲ. ರಾಜಾತಿ ರೈಡಿಗೆ ಹೋದರೆ ಮಿಕ್ಕ ಆರು ಜನ ಕೈಕಟ್ಟಿ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಆದರೆ ಏಳನೇ ನಂಬರಿನ ಅಂಗಿಯನ್ನು ಮಾತ್ರ ಬಿಚ್ಚಿಸಿಟ್ಟುಕೊಂಡಿದ್ದಳು. ಲಕ್ಷ್ಮಕ್ಕನದು ಕುರಿ ಸಾಕುವ ಮನೆ. ಸಂತೆಯಲ್ಲಿ ಎಂಥ ಕುರಿ ಮಾರಿದರೂ ಕೊರಳ ಹಗ್ಗವನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಬರಬೇಕು. ಹಗ್ಗ ಹೋದರೆ ಮಂದೆಯ ಅದೃಷ್ಟವೂ ಅದರ ಹಿಂದೆ ಹೋಗುತ್ತದೆ ಎಂಬುದು ಅವಳ ಅಜ್ಜಿಯ ಕಾಲದಿಂದ ಬಂದ ನಂಬಿಕೆ. "ಅಂಗಿ ಕೊಡಲ್ಲ ಕಣೇ," ಎಂದಾಗ ರಾಜಾತಿ ಅತ್ತಿದ್ದಳು.

ಈಗ ಆ ಅಂಗಿ ಹದಿನೇಳರ ಭವ್ಯಶ್ರೀಯ ಮೈಮೇಲಿತ್ತು. ಧರ್ಮಪುರಿಯ ಬೆಂಚಿನಿಂದ ಬಂದ ಇಬ್ಬರಲ್ಲಿ ಅವಳೇ ಸಣ್ಣವಳು. ಅಂಗಿ ಮೊಣಕಾಲಿಗೆ ಬರುತ್ತಿತ್ತು, ಎಷ್ಟು ಸಿಕ್ಕಿಸಿದರೂ ಹೊರಗೆ ಜಾರುತ್ತಿತ್ತು.

ರಾಜಾತಿ ಗೆರೆ ದಾಟಿದಳು. "ಕಬಡ್ಡಿ, ಕಬಡ್ಡಿ" ಎನ್ನುತ್ತ ಬಲಕ್ಕೆ ಬಂದಳು, ಎಡಕ್ಕೆ ಸರಿದಳು. ಇದ್ದಕ್ಕಿದ್ದಂತೆ ಬಲ ಅಂಗೈಯನ್ನು ತೊಡೆಗೆ ಒರೆಸಿಕೊಂಡಳು. ಎಡಕ್ಕೆ ಹಾರುವ ಮುನ್ನ ಅವಳು ಹಾಗೆ ಮಾಡುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ. ಅವಳನ್ನು ಹನ್ನೆರಡನೇ ವಯಸ್ಸಿನಿಂದ ಆಡಿಸಿದ ಲಕ್ಷ್ಮಕ್ಕನಿಗೆ ಗೊತ್ತಿತ್ತು. ಹತ್ತು ತಿಂಗಳು ದಿನಾ ಬೆಳಿಗ್ಗೆ ಐವತ್ತೆರಡರ ಆ ಹೆಂಗಸು ಸೀರೆ ಎತ್ತಿಕಟ್ಟಿ, ಅಂಗೈ ಒರೆಸಿಕೊಂಡು ಎಡಕ್ಕೆ ಹಾರಿ, ಈ ಹುಡುಗಿಯರ ಕೈಲಿ ಕಾಲು ಹಿಡಿಸಿಕೊಂಡು ಮಣ್ಣಿಗೆ ಬಿದ್ದಿದ್ದಳು. ಊರೆಲ್ಲ ನಕ್ಕಿತ್ತು.

ರಾಜಾತಿ ಎಡಕ್ಕೆ ಹಾರುವಷ್ಟರಲ್ಲಿ ಭವ್ಯಶ್ರೀ ಅಲ್ಲಿದ್ದಳು. ಕಣಕಾಲು ಸಿಕ್ಕಿತು. ಜೊತೆಗೆ ಬಂದಿದ್ದ ಇನ್ನೊಬ್ಬಳು ಸೊಂಟ ಹಿಡಿದಳು. ಕೈಕಟ್ಟಿ ನೋಡುತ್ತಿದ್ದ ಕಾಲ ಮುಗಿದಿತ್ತು. ಮಿಕ್ಕ ಐದು ಜನವೂ ಒಟ್ಟಿಗೆ ಮೇಲೆ ಬಿದ್ದರು. ಗೆರೆಗೆ ಒಂದು ಗೇಣು ಇದ್ದಾಗ ರಾಜಾತಿಯ ಉಸಿರು ಕಟ್ಟಿತು.

ಗೆದ್ದರು! ಧನಶೇಖರನ ಟವೆಲ್ ಆಕಾಶಕ್ಕೆ ಹಾರಿತು. "ನಾ ಆವತ್ತೇ ಏಳ್ಲಿಲ್ವಾ, ಅಕ್ಕ ಮಾಡಿದ್ದೇ ಸರಿ ಅಂತ!" ಎಂದು ಸಿಕ್ಕಸಿಕ್ಕವರಿಗೆಲ್ಲ ಕೂಗಿ ಹೇಳಿದ. ಯಾವತ್ತು ಹೇಳಿದ್ದನೋ ದೇವರಿಗೇ ಗೊತ್ತು. ಲಕ್ಷ್ಮಕ್ಕ ಮಾತ್ರ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಾಜಾತಿ ಮಣ್ಣು ಕೊಡವಿಕೊಂಡು ಎದ್ದಳು. ಭವ್ಯಶ್ರೀಯನ್ನು ಹತ್ತಿರ ಎಳೆದು, ಜಾರಿದ್ದ ಅಂಗಿಯನ್ನು ತಾನೇ ಅವಳ ಸೊಂಟಕ್ಕೆ ಸಿಕ್ಕಿಸಿದಳು.

"ಟೈಲರ್ ತಾವ ಕೊಟ್ಟು ನಿನ್ ಅಳತೆಗೆ ಚಿಕ್ಕದು ಮಾಡಿಸ್ಕಳೇ."

"ಬ್ಯಾಡ," ಎಂದಳು ಹಿಂದೆ ಬಂದು ನಿಂತಿದ್ದ ಲಕ್ಷ್ಮಕ್ಕ. "ಇನ್ನೂ ಬೆಳೀತಾಳೆ."