ಒಂದು ಹಾಳೆಯೂ ಹೊರಗೆ ಹೋಗಲಿಲ್ಲ

ಪಕ್ಕದ ಸೀಟಿನವನು ಮತ್ತೆ ಚೀಲವನ್ನೇ ನೋಡಿದ. ಜಲಜಾ ಅದನ್ನು ಕಾಲ ಬಳಿಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ರತ್ನಾಚಲ ಎಕ್ಸ್‌ಪ್ರೆಸ್ ವಿಶಾಖಪಟ್ಟಣ ಬಿಟ್ಟು ಇನ್ನೂ ದುವ್ವಾಡ ಮುಟ್ಟಿರಲಿಲ್ಲ. ಅಷ್ಟರಲ್ಲೇ ಅವನ ಕಣ್ಣು ಎಷ್ಟು ಸಲ ಇತ್ತ ಬಂದಿತ್ತೋ.

ಚೀಲದಲ್ಲಿ ಚಿನ್ನವೇನೂ ಇರಲಿಲ್ಲ. ಇದ್ದದ್ದು ಹಾರುವ ಊರುಗಳು, ಮಾತಾಡುವ ಯಂತ್ರಗಳು, ಒಂದೆರಡು ಭೂತ. ವಿಶಾಖಪಟ್ಟಣದ ಕನ್ನಡ ಸಂಘ ಆಂಧ್ರದ ಕನ್ನಡಿಗರಿಂದ ಬರೆಸಿದ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳ ಸಂಕಲನಕ್ಕೆ ಜಲಜಾ ಸಂಪಾದಕಿ. ಎಲ್ಲವೂ ಕೈಬರಹ, ಎಲ್ಲವೂ ಒಂದೇ ಪ್ರತಿ. ಜೆರಾಕ್ಸ್ ಮಾಡಿಸಲು ಹೋದ ದಿನ ಕರೆಂಟೇ ಇರಲಿಲ್ಲ. ಇವತ್ತು ತಪ್ಪಿದರೆ ದಸರಾ ಮುಗಿಯುವವರೆಗೆ ಮುಟ್ಟುವುದಿಲ್ಲ ಎಂದು ವಿಜಯವಾಡದ ಪ್ರೆಸ್ಸಿನವರು ಖಡಾಖಂಡಿತ ಹೇಳಿದ್ದರು. ನಂಬಿ ಕೊಟ್ಟವರ ಕಥೆಗಳು ಕಳೆದುಹೋದರೆ ಯಾರಿಗೆ ಮುಖ ತೋರಿಸುವುದು?

ಕಳೆಯುವುದಿರಲಿ, ಕದಿಯಬಲ್ಲವನೊಬ್ಬ ಇದ್ದ. ಗಾಜುವಾಕದ ಶಂಕರಪ್ಪ; ಅವನ ಮುಖವನ್ನು ಅವಳು ಕಂಡಿರಲಿಲ್ಲ. ಅವನ ‘ಕಡಲು ಬಿಟ್ಟುಹೋದ ಊರು’ ಕಥೆಯನ್ನು ಜಲಜಾ ತಿದ್ದಲು ಹೇಳಿ ಹೇಳಿ ವಾಪಸ್ ಕಳಿಸಿದ್ದಳು. ಸಮುದ್ರ ಒಂದು ದಿನ ಹಿಂದೆ ಸರಿದು ಮರಳಿ ಬರುವುದೇ ಇಲ್ಲ. ಹಡಗಿನಲ್ಲಿ ಹೋದ ಗಂಡನಿಗಾಗಿ ನಾಯಕಿ ದಡದಲ್ಲಿ ಕೂತು ಅಳುತ್ತಾಳೆ. ಕಲ್ಪನೆ ಜೋರು, ನಾಯಕಿ ಪೇಲವ. ಜಲಜಾಳ ಗಂಡನೂ ನೌಕಾಪಡೆಯವನು, ಈಗಲೂ ಸಮುದ್ರದ ಮೇಲಿದ್ದ. ಆ ಅಳು ಓದಿ ಅವಳಿಗೆ ಮೈಯೆಲ್ಲ ಉರಿದಿತ್ತು. ‘ಹೆಂಗಸರ ಮನಸ್ಸು ನಿಮಗೆ ತಿಳಿಯದು’ ಎಂದು ಕೆಂಪು ಶಾಯಿಯಲ್ಲೇ ಬರೆದು ಕಳಿಸಿದಳು. ಸಂಪಾದಕಿ ಎಂದ ಮೇಲೆ ಸ್ವಲ್ಪ ಕೊಬ್ಬು ಇರಲೇಬೇಕಲ್ಲ.

ಮೊನ್ನೆ ಮನೆಗೆ ಫೋನು ಬಂತು.

“ಶಂಕರಪ್ಪ ಮಾತಾಡ್ತಿರೋದು. ಗುರುವಾರ ರತ್ನಾಚಲಕ್ಕೆ ಹೋಗ್ತೀರಂತೆ, ಸಂಘದಲ್ಲಿ ಅಂದ್ರು. ಒಬ್ರೇನಾ?”

“ಯಾಕೆ?”

“ಸುಮ್ನೆ ಕೇಳ್ದೆ. ಆ ಕಥೆ ಅಂತೂ ಪುಸ್ತಕದಲ್ಲಿ ಬಂದೇ ಬರುತ್ತೆ ಮೇಡಂ.”

ಆಮೇಲೆ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ದುವ್ವಾಡದಲ್ಲಿ ದೇವರೇ ಕಳಿಸಿದ ಹಾಗೆ ಒಬ್ಬ ಹೆಂಗಸು ಹತ್ತಿದಳು. ದಪ್ಪ ಕುಂಕುಮ, ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಬಟ್ಟೆಚೀಲ. ಆಚೀಚೆ ನೋಡಿ ನೇರ ಇವರ ಸಾಲಿಗೇ ಬಂದಳು.

“ಬಾಬೂ, ಮೀರು ನಾ ಸೀಟ್‌ಲೋ ಕೂರ್ಚೋಂಡಿ. ಇಲ್ಲಿ ಹೆಂಗಸರು ಕೂತ್ಕೋತೀವಿ,” ಎಂದು ತೆಲುಗು, ಕನ್ನಡ ಬೆರೆಸಿ ಹೇಳಿ ಅವನನ್ನು ತನ್ನ ಸೀಟಿಗೆ ಕಳಿಸಿಯೇಬಿಟ್ಟಳು. ಅವನು ಗೊಣಗುತ್ತ ಎದುರು ಸಾಲಿಗೆ ಹೋದ. ಅಲ್ಲಿಂದಲೂ ನೋಟ ಚೀಲದ ಮೇಲೇ.

“ನಾನು ಮಂಗಳಾಗೌರಿ. ಹಾಸನದ ಕಡೆಯೋರು. ನಮ್ಮೆಜಮಾನ್ರು ಉಕ್ಕಿನ ಕಾರ್ಖಾನೇಲಿದಾರೆ. ವಿಜಯವಾಡದ ದುರ್ಗಮ್ಮಂಗೆ ಹರಕೆ ಹೊತ್ತಿದ್ದೆ. ಅದ್ಸರಿ, ಮಗೂನ್ ಹಿಡ್ಕೊಂಡಂಗ್ ಹಿಡ್ಕೊಂಡಿದೀರಲ್ಲ, ಏನಿದೆ ಅದ್ರಲ್ಲಿ?”

ಕನ್ನಡ ಕೇಳಿದ್ದೇ ಜಲಜಾಳ ಎದೆ ಹಗುರಾಯಿತು. ಎಲ್ಲ ಹೇಳಿಕೊಂಡಳು: ಕಥೆಗಳು, ಫೋನು, ಎದುರು ಕೂತಿರುವವನ ಮೇಲಿನ ಅನುಮಾನ.

“ಹೆಂಗಸರೂ ಬರ್ದಿದಾರಾ?” ಮಂಗಳಾಗೌರಿ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

“ಒಬ್ರೂ ಇಲ್ಲ. ಚಂದ್ರ, ನಕ್ಷತ್ರ ಅಂದ್ರೆ ನಮ್ಮೋರು ಹತ್ರಾನೇ ಬರಲ್ಲ.”

“ಯಾರು ಓದ್ತಾರೋ ಅಂತ ಹೆದರ್ತಾರೇನೋ. ತಗೊಳ್ಳಿ, ತಿನ್ನಿ.”

ತುನಿ ದಾಟಿದ ಮೇಲೆ ಜಲಜಾ ಎದ್ದು ಹೋಗಲೇಬೇಕಾಯಿತು. ಎಷ್ಟು ಹೊತ್ತು ತಡೆಯಲಾದೀತು? ಚೀಲ ಎತ್ತಿಕೊಂಡು ಹೋಗುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಎದುರಿನವನು ಆಗಲೇ ಸೀಟಿನ ತುದಿಗೆ ಬಂದಿದ್ದ.

“ಹೋಗ್ಬನ್ನಿ, ನಾನಿಲ್ವಾ?” ಮಂಗಳಾಗೌರಿ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ದುರ್ಗಮ್ಮನಾಣೆ, ಇದರಿಂದ ಒಂದು ಹಾಳೇನೂ ಹೊರಗೆ ಹೋಗಲ್ಲ.”

ಮರಳಿ ಬಂದಾಗ ಚೀಲದ ಜಿಪ್ಪು ಹಾಕಿದ ಹಾಗೇ ಇತ್ತು. ಎದುರಿನವನು ಮಾತ್ರ ಎದ್ದು ನಿಂತಿದ್ದ, ಮುಖ ಕೆಂಪಗಾಗಿತ್ತು. ಏನೋ ಹೇಳಲು ಬಾಯಿ ತೆರೆದ. ಜಲಜಾ ಗುರಾಯಿಸಿದಳು. ಅವನು ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನಡೆದ.

ವಿಜಯವಾಡದಲ್ಲಿ ಇಳಿದಾಗ ಮಂಗಳಾಗೌರಿ ಅವಳ ಕೈ ಹಿಡಿದುಕೊಂಡಳು. ಆ ಅಂಗೈ ಬೆವೆತಿತ್ತು. “ನನ್ನ ಕೈಲಾದದ್ದು ಮಾಡಿದೀನಿ. ಮಿಕ್ಕಿದ್ದು ಬೆಟ್ಟದ ಮೇಲಿನ ಅಮ್ಮನಿಗೆ ಬಿಟ್ಟಿದ್ದು,” ಎಂದವಳೇ ಜನರಲ್ಲಿ ಮರೆಯಾದಳು.

“ಮೇಡಂ! ಮೇಡಂ!” ಹಿಂದಿನಿಂದ ಕೂಗು. ಅವನೇ. ಜಲಜಾ ಓಡಿದಳು. ಸಿಕ್ಕಿದ ಆಟೋ ಹತ್ತಿ, ಪ್ರೆಸ್ಸಿದ್ದ ಒನ್ ಟೌನ್ ಪೇಟೆಗೆ ಎಂದಳು. ತಿರುಗಿ ನೋಡಿದರೆ ಅವನೂ ಒಂದು ಆಟೋ ಹತ್ತುತ್ತಿದ್ದ.

ಪ್ರೆಸ್ಸಿನ ಯಜಮಾನ ರಾಮಚಂದ್ರ ಬಳ್ಳಾರಿಯವನು. “ಕೂಡ್ರಿ ಮೇಡಂ, ನೀರು ಕುಡೀರಿ,” ಎನ್ನುತ್ತಿರುವಾಗಲೇ ರೈಲಿನವನು ಏದುಸಿರು ಬಿಡುತ್ತ ಒಳಗೆ ಬಂದ.

“ನಾನು ತೇಜಸ್, ಮೇಡಂ. ಔಷಧಿ ಕಂಪನೀಲಿ ಕೆಲಸ. ನಾನೂ ಸಂಘಕ್ಕೆ ಒಂದು ಕಥೆ ಕೊಟ್ಟಿದ್ದೆ, ನಿಮ್ಮನ್ನ ಅಲ್ಲೇ ನೋಡಿದ್ದೆ. ಅದು ಆಯ್ಕೆಯಾಗಿ ಆ ಚೀಲದಲ್ಲಿದೆಯಾ ಅಂತ ಕೇಳೋಕೆ ವಿಶಾಖಪಟ್ಟಣದಿಂದ ಇಲ್ಲೀವರೆಗೂ ಧೈರ್ಯ ಬರಲಿಲ್ಲ. ಆದ್ರೆ ನೀವು ಎದ್ದುಹೋದಾಗ ಆಯಮ್ಮ ಚೀಲ ತೆಗೆದ್ರು.”

ಜಲಜಾ ಚೀಲದ ಜಿಪ್ಪು ಎಳೆದಳು. “ಏನು ತಗೊಂಡ್ರು?”

“ತಗೊಳ್ಳಲಿಲ್ಲ ಮೇಡಂ. ಹಾಕಿದ್ರು.”

ಕಟ್ಟು ಬಿಚ್ಚಿದಳು. ಎಲ್ಲರ ಕಥೆಗಳೂ ಇದ್ದವು. ಎಲ್ಲಕ್ಕಿಂತ ಕೆಳಗೆ, ಹೊಸದಾಗಿ ಬರೆದ ‘ಕಡಲು ಬಿಟ್ಟುಹೋದ ಊರು’.

ಮೊದಲು ಬಂದದ್ದು ಸಿಟ್ಟು. ಆಯಮ್ಮ ಶಂಕರಪ್ಪನ ಹೆಂಡತಿಯೇ ಇರಬೇಕು; ತನ್ನ ಕಥೆ ತುರುಕಲು ಅವಳನ್ನು ಕಳಿಸಿದ್ದಾನೆ, ಇವನೆಂಥ ಗಂಡಸು! ಹರಿದು ಹಾಕಲೆಂದೇ ಕೈಗೆತ್ತಿಕೊಂಡಳು. ಆದರೆ ಕಣ್ಣು ಸಾಲಿನ ಮೇಲೆ ಬಿದ್ದ ಮೇಲೆ ಸಂಪಾದಕರ ಕೈ ಕಟ್ಟಿಹಾಕಿದಂತೆ. ನಾಯಕಿ ಈಗ ಅಳುತ್ತಿರಲಿಲ್ಲ. ಬತ್ತಿದ ಕಡಲಿನ ತಳದಲ್ಲಿ ನಡೆಯುತ್ತ, ಸಿಕ್ಕಿದ ಹಡಗಿಗೆಲ್ಲ ಕಲ್ಲು ಹೊಡೆದು, ಗಂಡನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಎಷ್ಟೋ ಸಂಜೆ ಜಲಜಾ ಖಾಲಿ ಮನೆಯಲ್ಲಿ ಬೈದ ಹಾಗೇ. ಅವಳಿಗೆ ನಗು ಬಂತು. ನಿಂತಲ್ಲೇ ಕೊನೆಯವರೆಗೂ ಓದಿದಳು.

“ಇದನ್ನೂ ಸೇರಿಸಿ. ಮೊದಲನೇ ಕಥೆ ಇದೇ ಆಗ್ಲಿ,” ಎಂದಳು. “ಈ ಗಂಡಸಿಗೆ ಇಷ್ಟು ತಿಳಿದದ್ದು ಹೇಗೋ ಕಾಣೆ.”

ರಾಮಚಂದ್ರ ಮೊದಲ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನು ಬೆಳಕಿಗೆ ಹಿಡಿದ. “ಗಂಡಸು ಯಾರ್ರೀ ಮೇಡಂ? ಶಂಕರಪ್ಪ ಅನ್ನೋದನ್ನ ಹೊಡೆದುಹಾಕಿ, ಕಥೆ ಬರೆದ ಅದೇ ಅಕ್ಷರದಾಗ ಮಂಗಳಾಗೌರಿ ಅಂತ ಬರ್ದಾರಲ್ರೀ.”