ಕೀಲಿಯ ಹಾಡು

ಮುಷ್ಕರದ ನಲವತ್ತೊಂದನೇ ದಿನ ಬೆಳಿಗ್ಗೆ ಕಾಜಾ ಅಕ್ಕ ಡೇರೆಯೊಳಗೆ ಬಂದವಳೇ ಕೇಳಿದಳು, “ಮಾಸ್ಟ್ರೇ, ಪಟ್ಟೀಲಿ ಎಷ್ಟು ಹಾಡು ಉಳಿದಿವೆ?”

ಕಟಿಂಗ್ ಮಾಸ್ಟರು ಕನ್ನಡಕ ಹಣೆಗೇರಿಸಿ ಫೋನ್ ನೋಡಿದರು. “ಒಂಬತ್ತು. ನಿನ್ನೆ ಹದಿನಾಲ್ಕಿತ್ತು. ಕಾಲರಮ್ಮಂದೂ ಹೋಗಿದೆ.”

ಕಾಜಾ ಅಕ್ಕ ಬೆಂಚಿನ ಮೇಲೆ ಕುಸಿದಳು. ಅಂಗಿಗೆ ಕಾಲರ್ ಹೊಲಿಯುವ ಆ ಹೆಂಗಸು ಹನ್ನೆರಡು ವರ್ಷ ಅವಳ ಪಕ್ಕದ ಮಿಷನ್ನಿನಲ್ಲಿ ಕೂತವಳು. ಒಂದು ಮಾತು ಹೇಳದೆ ಮುಷ್ಕರ ಬಿಟ್ಟು ಒಳಗೆ ಕೆಲಸಕ್ಕೆ ಹೋಗಿದ್ದಳು.

ಮೊದಲ ವಾರದ ಆವೇಶದಲ್ಲಿ ಮಾಡಿದ ಪಟ್ಟಿ ಅದು. ಕಾರ್ಖಾನೆಯ ಗೇಟಿನೆದುರು ಸ್ಪೀಕರ್ ಕಟ್ಟಿ, ಒಬ್ಬೊಬ್ಬರೂ ತಮಗೆ ರೋಷ ಬರಿಸುವ ಒಂದೊಂದು ಹೋರಾಟದ ಹಾಡನ್ನು ತಂತಮ್ಮ ಫೋನಿನಿಂದ ಮಾಸ್ಟರ ಫೋನಿನ ಪಟ್ಟಿಗೆ ಸೇರಿಸಿದ್ದರು. ಒಟ್ಟು ನೂರಾ ಇಪ್ಪತ್ತು. ಕೆಲಸಕ್ಕೆ ವಾಪಸ್ ಹೋಗುವವರು ತಮ್ಮ ಹಾಡನ್ನು ಕೈಯಾರೆ ತೆಗೆದು ಹೋಗಬೇಕು ಎಂದು ಮಾಸ್ಟರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾಚಿಕೆಗಾದರೂ ಯಾರೂ ಹೋಗಲಾರರು ಎಂದುಕೊಂಡಿದ್ದರು ಪಾಪ. ಈಗ ಯಾರು ಹೋದರೆಂದು ತಿಳಿಯಲು ಅವರು ಗೇಟಿನ ಕಡೆ ನೋಡಬೇಕಾಗಿರಲಿಲ್ಲ.

ಕಾಜಾ ಅಕ್ಕನದು ಮಾತ್ರ ಸ್ವಂತ ಹಾಡು. ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಲೇ ಗೊಣಗಿ ಗೊಣಗಿ ಕಟ್ಟಿದ್ದು. ಅವಳ ಡಬ್ಬಾ ಫೋನಿನಲ್ಲಿ ಪಟ್ಟಿಗಿಟ್ಟಿ ಬರುವುದಿಲ್ಲವೆಂದು ಮಾಸ್ಟರೇ ತಮ್ಮ ಫೋನಿಗೆ ಹಾಡಿಸಿಕೊಂಡು ಸೇರಿಸಿದ್ದರು. ಕಕ್ಕಸಿಗೆ ಹೋಗಬೇಕೆಂದರೂ ಸೂಪರ್‌ವೈಸರನ ಸೊಂಟದ ಕೀಲಿಗೆ ಕೈಯೊಡ್ಡಬೇಕಾದ ಅವಮಾನ. ಮುಷ್ಕರ ಹುಟ್ಟಿದ್ದೇ ಅದರಿಂದ.

ಹೊಟ್ಟೆ ನಮ್ದು, ಗಂಟೆ ನಿಮ್ದು,
ಕಕ್ಕಸ್ ಕೀಲಿ ಯಾರ್ದು ಸಾರ್?

“ನಂದೂ ತೆಗೀಬೇಕು,” ಎಂದಳು ಕಾಜಾ ಅಕ್ಕ, ನೆಲ ನೋಡುತ್ತ. “ಮಗಳು ಬಸುರಿ, ಏಳು ತಿಂಗಳು ತುಂಬಿದೆ. ಸೋಮವಾರದೊಳಗೆ ಕೆಲಸಕ್ಕೆ ಬರದಿದ್ರೆ ಆಸ್ಪತ್ರೆ ಕಾರ್ಡ್ ರದ್ದು ಅಂತ ನೋಟೀಸ್ ಅಂಟಿಸಿದಾರೆ.”

ಮಾಸ್ಟರು ಬೈಯಲಿಲ್ಲ. ಬೈಯುವಷ್ಟು ತ್ರಾಣ ಅವರಲ್ಲೂ ಉಳಿದಿರಲಿಲ್ಲ. ಫೋನನ್ನು ಅವಳ ಕೈಗಿಟ್ಟರು. “ಇಲ್ಲಿ ಒತ್ತು. ಹೋಗಿಬಿಡುತ್ತೆ.”

ಅವಳ ಹೆಬ್ಬೆರಳು ಮೇಲೆಯೇ ನಿಂತಿತು. “ನಂಗಾಗಲ್ಲ. ನೀವೇ ತೆಗೀರಿ ಮಾಸ್ಟ್ರೇ.”

“ನಾನು ತೆಗೆಯೋ ಹಾಗಿಲ್ಲಮ್ಮಾ. ಆ ರೂಲ್ಸು ಮಾಡಿದ ಪುಣ್ಯಾತ್ಮ ನಾನೇ ಅಲ್ವಾ?”

ಫೋನನ್ನು ಬೆಂಚಿನ ಮೇಲಿಟ್ಟು ಅವಳು ಎದ್ದು ಹೋದಳು. ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ.

ಆಮೇಲೆ ಒಳಗೆ ಕೂತೇ ಹಾಡುಗಳನ್ನು ಎಣಿಸತೊಡಗಿದಳು. ಕಿಟಕಿಯಿಂದ ಒಂದು ದಿನ ಆರು ಕೇಳಿಸಿದವು, ಇನ್ನೊಂದು ದಿನ ಮೂರು. ಎಂಟನೆಯ ದಿನ ಬೆಳಿಗ್ಗೆ ಒಂದೇ ಹಾಡು. ಮುಗಿದ ಕೂಡಲೇ ಮತ್ತೆ ಅದೇ. ಅವಳದೇ ದನಿ.

ಅಷ್ಟರಲ್ಲಿ ಬಾಗಿಲಲ್ಲಿ ಮಾಸ್ಟರು ಕಾಣಿಸಿಕೊಂಡರು. ಯಾರ ಮುಖವನ್ನೂ ನೋಡದೆ ತಮ್ಮ ಮೇಜಿಗೆ ಹೋಗಿ ಕತ್ತರಿ ಎತ್ತಿಕೊಂಡರು.

“ಸ್ಪೀಕರ್ ಆರಿಸಿ ಬರೋದಲ್ವಾ ಮಾಸ್ಟ್ರೇ?” ಕಾಜಾ ಅಕ್ಕ ಪಿಸುಗುಟ್ಟಿದಳು.

“ನಂದು ನಾನು ತೆಗೆದೆ. ನಿಂದು ಉಳಿದಿತ್ತು,” ಎಂದರು ಮಾಸ್ಟರು. “ಫೋನ್ ಅಲ್ಲೇ ಇಟ್ಟು ಬಂದೆ.”

ಸೂಪರ್‌ವೈಸರ್ ದಡದಡನೆ ಕಿಟಕಿಗಳನ್ನು ಮುಚ್ಚಿಸಿದ. ಆದರೂ ಹಾಡು ಕೇಳಿಸುತ್ತಲೇ ಇತ್ತು. ಕಾಲರಮ್ಮ ಕೇಳಿಸದವಳಂತೆ ಹೊಲಿಗೆಯ ಮೇಲೆ ಬಗ್ಗಿದ್ದಳು.

ಹನ್ನೊಂದರ ತನಕ ಕಾಜಾ ಅಕ್ಕ ಹಲ್ಲು ಕಚ್ಚಿ ತಡೆದುಕೊಂಡಳು. ಇನ್ನು ಆಗದೆಂದಾಗ ಎದ್ದು ಸೂಪರ್‌ವೈಸರನ ಮುಂದೆ ಹೋಗಿ ನಿಂತಳು. ಹೊರಗಿನ ಖಾಲಿ ಡೇರೆಯಲ್ಲಿ ಅವಳ ದನಿ ಗಟ್ಟಿಯಾಗಿ ಕೇಳುತ್ತಿತ್ತು, ಕೀಲಿ ಯಾರ್ದು ಸಾರ್ ಎಂದು.

ಅವಳು ಕೈಯೊಡ್ಡಿದಳು.

“ಕೀಲಿ ಕೊಡಿ, ಸಾರ್.”