ಹಲ್ಲಿಗೆ ಕೇಳಿದ ಸದ್ದು

ಮುದುಕ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ತಾಗಿಸಿ ಕಣ್ಣು ಮುಚ್ಚಿದ. ಕಿವಿ ಮಂದವಾದ ಮೇಲೆ ಗ್ಯಾರೇಜನ್ನು ಮಗಳಿಗೆ ಒಪ್ಪಿಸಿ, ಇನ್ನು ತನ್ನಿಂದೇನೂ ಆಗದೆಂದು ಮೂಲೆಯ ಸ್ಟೂಲು ಹಿಡಿದಿದ್ದ. ಈ ಕಾರಿನ ಕರಕರ ಎಲ್ಲಿಂದ ಬರುತ್ತಿದೆಯೆಂದು ಎರಡು ದಿನ ಹುಡುಕಿ ಸೋತ ಮಗಳು, "ಕಿವಿ ಹೋದ್ರೇನಪ್ಪ, ಹಲ್ಲಿದೆಯಲ್ಲ" ಎಂದು ಅವನನ್ನು ಎಬ್ಬಿಸಿ ಕರೆತಂದಿದ್ದಳು.

"ಊಟಕ್ಕೆ ಮೂರು ಸಲ ಕೂಗಿದ್ದು ಕೇಳದವರಿಗೆ ಇದು ಕೇಳುತ್ತಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಒಂದೇ ಒಂದು ಸದ್ದು ಕೊಡು ದೇವರೇ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ತುದಿ ಮೆಲ್ಲಗೆ ಒಂದೊಂದೇ ಕಡೆಗೆ ಸರಿಯಿತು. ವಾಟರ್ ಪಂಪಿನ ಮೇಲೆ ಬಂದಾಗ, ಎಷ್ಟೋ ತಿಂಗಳ ಮೇಲೆ, ಹಲ್ಲಿನಿಂದ ನೆತ್ತಿಯವರೆಗೂ ಕರಕರ ಸದ್ದು ತುಂಬಿಕೊಂಡಿತು. ಅವನ ಮುಖ ಅರಳಿತು.

"ಪಂಪಿನ ಬೇರಿಂಗ್ ಸವೆದಿದೆ ಮಗಳೇ, ಬಿಚ್ಚು."

ಹೊಸ ಪಂಪು ಕೂತಿತು, ಎಂಜಿನ್ ಹದವಾಗಿ ಓಡಿತು. "ಅಮ್ಮ, ನಾಳೆಯಿಂದ ಊಟಕ್ಕೆ ಕರೆಯೋವಾಗ ಈ ಸ್ಕ್ರೂಡ್ರೈವರಿನ ತುದೀನ ನಿನ್ನ ಹಣೆಗಿಟ್ಕೋ" ಎಂದಳು ಮಗಳು. ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಅದೊಂದೂ ಕೇಳಲಿಲ್ಲ. ಅವನು ಮೂಲೆಯ ಸ್ಟೂಲನ್ನು ಎತ್ತಿ ತಂದು ಮುಂದಿನ ಕಾರಿನ ಪಕ್ಕದಲ್ಲಿ ಹಾಕಿಕೊಳ್ಳುತ್ತಿದ್ದ.